ಮೂವತ್ತೆರಡು ತೂತು, ಒಂದೇ ಟೇಪು

"ಅಂಗಡಿಗೆ ಯಾಕೆ ಕೊಡಬೇಕು? ನಾನೇನು ಸತ್ತೋಗಿದ್ದೀನಾ?" ಎಂದು ಹಲ್ಲಿನ ಡಾಕ್ಟರು ಘರ್ಜಿಸಿದರು. ಘರ್ಜನೆಯ ರಭಸಕ್ಕೆ ಬಾಯಲ್ಲಿದ್ದ ಬ್ರೆಡ್ಡಿನ ಪುಡಿ ಹಾರಿ, ಎದುರಿಗೆ ಕೂತಿದ್ದ ಅತ್ತೆಯವರ ಕನ್ನಡಕದ ಮೇಲೆ ಹೋಗಿ ಕೂತಿತು.

ಡಾಕ್ಟರ ಹೆಂಡತಿಗೆ ಸೈಕಲ್ ಹುಚ್ಚು. ಕೆಲಸದಲ್ಲಿ ಅವರು ಗ್ರಂಥಪಾಲಕಿ. ಊರಿಗೆಲ್ಲ 'ಲೈಬ್ರರಿ ಮೇಡಂ'. ಮನೆಯಲ್ಲಿ ಡಾಕ್ಟರೂ ಮೇಡಂ ಎಂದೇ ಕರೆಯುವುದು. 'ನಿಶ್ಶಬ್ದ' ಎಂಬ ಫಲಕದ ಕೆಳಗೆ ಕೂತು ಕೂತು ಮೇಡಮ್ಮಿಗೆ ದನಿ ಏರಿಸುವುದೇ ಮರೆತುಹೋಗಿತ್ತು. ಲೋಕದಲ್ಲಿ ಎಲ್ಲರಿಗೂ ಸಿಟ್ಟು ಬಂದರೆ ದನಿ ಏರುತ್ತದೆ, ಇವರಿಗೆ ಇಳಿಯುತ್ತದೆ. ಪಿಸುಮಾತಿಗೆ ಇಳಿಯಿತೆಂದರೆ ಡಾಕ್ಟರು ಸದ್ದಿಲ್ಲದೆ ಬಚ್ಚಲುಮನೆ ಸೇರಿ ಚಿಲಕ ಹಾಕಿಕೊಳ್ಳುತ್ತಿದ್ದರು.

ಮೇಡಮ್ಮಿನ ಸೈಕಲ್ ಗುಂಪು ವರ್ಷಕ್ಕೊಮ್ಮೆ ನೂರು ಕಿಲೋಮೀಟರಿನ ಸವಾರಿ ಹೊರಡುತ್ತದೆ. ಹೋದ ಸಲ ಅರ್ಧ ದಾರಿಯೊಳಗೇ ಇವರ ಸೈಕಲ್ಲು ಮೇಲಿಂದ ಮೇಲೆ ಪಂಕ್ಚರ್ ಆಗಿ, ಕೊನೆಗೆ ಕುಡಿಯುವ ನೀರಿನ ಕ್ಯಾನು ಸಾಗಿಸುವ ವ್ಯಾನಿನಲ್ಲಿ, ಕ್ಯಾನುಗಳ ನಡುವೆ ತಾವೂ ಒಂದು ಕ್ಯಾನಿನಂತೆ ಕೂತು ಬಂದಿದ್ದರು. ಅವತ್ತಿನಿಂದ ಗುಂಪಿನಲ್ಲಿ ಅವರಿಗೆ 'ವಾಟರ್ ಕ್ಯಾನ್' ಎಂಬ ಬಿರುದು ದಯಪಾಲಿಸಲಾಗಿತ್ತು. ಬಿರುದು ಕಳೆದುಕೊಳ್ಳಲೇಬೇಕೆಂದು ವರ್ಷವಿಡೀ ನಸುಕಿನಲ್ಲೆದ್ದು ಪೆಡಲ್ ತುಳಿದಿದ್ದರು. ಈಗ ಚಕ್ರಗಳನ್ನು ಟ್ಯೂಬ್‌ಲೆಸ್ ಮಾಡಿಸಿಬಿಟ್ಟರೆ ಪಂಕ್ಚರಿನ ಪೀಡೆಯೇ ತೊಲಗುತ್ತದೆ ಎಂದು ಅವರ ಲೆಕ್ಕ.

"ಟ್ಯೂಬ್ ಇಲ್ದೆ ಗಾಳಿ ಎಲ್ಲಿ ನಿಲ್ಲುತ್ತಮ್ಮಾ?" ಎಂದು ಕನ್ನಡಕ ಒರೆಸುತ್ತ ಅತ್ತೆ ಕೇಳಿದರು.

"ರಿಮ್ಮಿನ ಒಳಗಡೆ ಸುತ್ತಲೂ ಟೇಪ್ ಅಂಟಿಸ್ತಾರಮ್ಮ. ಕಡ್ಡಿ ಸಿಕ್ಕಿಸೋ ತೂತೆಲ್ಲ ಮುಚ್ಚಿಹೋಗುತ್ತೆ. ಆಮೇಲೆ ಟೈರ್ ಕೂರಿಸಿ, ಒಳಗೆ ಹಾಲಿನ ಥರದ್ದೊಂದು ಸುರಿದು ಗಾಳಿ ತುಂಬೋದು. ಮುಳ್ಳು ಚುಚ್ಚಿದ್ರೆ ಆ ಹಾಲೇ ಹೋಗಿ ತೂತಿಗೆ ಮೆತ್ತಿಕೊಳ್ಳುತ್ತೆ. ಅಂಗಡಿಯವನು ಎರಡು ದಿನದಲ್ಲಿ ಮಾಡಿಕೊಡ್ತಾನಂತೆ."

"ಒಂದು ರಿಮ್ಮಿಗೆ ಎಷ್ಟು ತೂತು?" ಡಾಕ್ಟರು ಕೇಳಿದರು.

"ಮೂವತ್ತೆರಡು."

ಡಾಕ್ಟರು ಕುರ್ಚಿಯಿಂದ ಎದ್ದು ನಿಂತರು. ಕಣ್ಣಲ್ಲಿ ಕಾಂತಿ! ಮುಖದಲ್ಲಿ ತೇಜಸ್ಸು!

"ಮೂವತ್ತೆರಡು! ಕೇಳಿಸ್ಕೊಂಡ್ರಾ ಅತ್ತೆ? ಮನುಷ್ಯನ ಬಾಯಲ್ಲಿ ಹಲ್ಲೆಷ್ಟು? ಮೂವತ್ತೆರಡು! ಕಾಲೇಜು ಬಿಟ್ಟಾಗಿನಿಂದ ನಾನು ತೂತು ಮುಚ್ಚಿಕೊಂಡೇ ಅನ್ನ ತಿಂದಿದೀನಿ. ಕತ್ತಲೆ ಬಾಯೊಳಗೆ, ನಾಲಿಗೆ ಅಡ್ಡ ಬರ್ತಿದ್ರೂ, ರೋಗಿ ಬೊಬ್ಬೆ ಹೊಡೀತಿದ್ರೂ ಮುಚ್ಚಿದೀನಿ. ನಾಲಿಗೆ ಇಲ್ದಿರೋ, ಬೊಬ್ಬೆ ಹೊಡೀದಿರೋ ಒಂದು ಚಕ್ರ ನನಗೆ ಯಾವ ಲೆಕ್ಕ? ಈ ಭಾನುವಾರದಿಂದ ನೀವೆಲ್ಲ ನನ್ನನ್ನ ಚಕ್ರವರ್ತಿ ಅಂತ ಕರೀಬೇಕು!"

ಅತ್ತೆಯವರು ಬಾಯಿಂದ ಹಲ್ಲಿನ ಸೆಟ್ಟನ್ನು ತೆಗೆದು ತಟ್ಟೆಯಲ್ಲಿಟ್ಟರು. "ಇದನ್ನೂ ನಿನ್ನ ಗಂಡನೇ ಅಳತೆ ತಗೊಂಡು ಮಾಡಿಕೊಟ್ಟಿದ್ದು. ಹಾಕ್ಕೊಂಡ್ರೆ ನಾನೊಂದು ಮಾತಾಡ್ತೀನಿ, ಅದೊಂದು ಮಾತಾಡುತ್ತೆ. ಯೋಚನೆ ಮಾಡಮ್ಮಾ," ಎಂದು ಮಗಳಿಗೆ ಹೇಳಿ, ಬ್ರೆಡ್ಡನ್ನು ಹಾಲಿನಲ್ಲಿ ಅದ್ದಿಕೊಂಡು ತಿಂದರು.

ಮೇಡಂ ಯೋಚನೆ ಮಾಡಿದರು. ಗಂಡನ ಉತ್ಸಾಹದ ಮುಖ ನೋಡಿ ಕರುಳು ಚುರಕ್ಕೆಂದಿತು. "ಆಯ್ತು. ಆದ್ರೆ ಭಾನುವಾರ ಸವಾರಿ, ಅಷ್ಟರೊಳಗೆ ಆಗ್ಬೇಕು," ಎಂದರು. ಕರುಳಿನ ಮಾತು ಕೇಳಿ ಕೆಟ್ಟವರ ಪಟ್ಟಿಗೆ ಆ ಕ್ಷಣ ಇನ್ನೊಬ್ಬರು ಸೇರಿದರು.

ಸೈಕಲ್ ಅಂಗಡಿಯ ಗೋಡೆಯ ಮೇಲೆ ಟೇಪುಗಳೋ ಟೇಪುಗಳು! ಹಳದಿ, ನೀಲಿ, ಕಪ್ಪು; ಬೆರಳಿನಷ್ಟು ಸಪೂರದ್ದರಿಂದ ಹಿಡಿದು ಅಂಗೈಯಷ್ಟು ಅಗಲದ್ದರವರೆಗೆ.

"ರಿಮ್ಮಿನ ಒಳಗಿನ ಅಗಲ ಎಷ್ಟು ಸಾರ್?" ಅಂಗಡಿಯವನು ಕೇಳಿದ.

"ನೋಡಿದೀನಿ."

"ಅಳೆದಿದ್ದೀರಾ?"

"ಸೂಜಿಮೊನೆಯಷ್ಟು ಹುಳುಕನ್ನ ದೂರದಿಂದಲೇ ಕಂಡುಹಿಡಿಯೋ ಕಣ್ಣು ಕಣಯ್ಯಾ ಇದು! ಇದಕ್ಕೆ ಅಳತೆಪಟ್ಟಿ ಬೇರೆ ಬೇಕಾ?"

ಅಂಗಡಿಯವನು ಏನೋ ಹೇಳಲು ಹೊರಟ. ಡಾಕ್ಟರು ತಮ್ಮ ವೃತ್ತಿಜೀವನದಲ್ಲೇ ಮೊದಲ ಬಾರಿಗೆ ಒಬ್ಬ ಮನುಷ್ಯನಿಗೆ ಬಾಯಿ ಮುಚ್ಚುವಂತೆ ಸನ್ನೆ ಮಾಡಿದರು. ಸಪೂರದ ಟೇಪಾದರೆ ಬಿಗಿಯಾಗಿ ಕೂರುತ್ತದೆಂದು ತರ್ಕಿಸಿ, ಹಳದಿಯದೊಂದು ಸುರುಳಿಯನ್ನೂ ಆ ಹಾಲಿನ ಬಾಟಲಿಯನ್ನೂ ಕೊಂಡು ತಂದರು.

ಹಜಾರದಲ್ಲಿ ಹಳೆಯ ಪೇಪರು ಹಾಸಲಾಯಿತು. ಡಾಕ್ಟರು ಮುಖಕ್ಕೆ ಮಾಸ್ಕು, ಕೈಗೆ ಗ್ಲೌಸು, ಹಣೆಗೆ ದೀಪ ಕಟ್ಟಿಕೊಂಡು ಹಿಂದಿನ ಚಕ್ರದ ಮುಂದೆ ಕುಳಿತರು. ನರ್ಸಿನ ಸ್ಥಾನಕ್ಕೆ ಅತ್ತೆಯವರ ನೇಮಕವಾಯಿತು.

"ಕತ್ತರಿ!"

ಅತ್ತೆ ತರಕಾರಿ ಹೆಚ್ಚುವ ಚಾಕು ಕೊಟ್ಟರು. "ಇದೇ ಕೈಗೆ ಸಿಕ್ಕಿದ್ದು. ಬೇಗ ಕೊಡಿ, ಈರುಳ್ಳಿ ಅರ್ಧಕ್ಕೆ ನಿಂತಿದೆ."

ಟೇಪು ರಿಮ್ಮಿನ ಸುತ್ತ ಸುಂದರವಾಗಿ ಓಡಿತು. ಟೈರು ಕೂತಿತು. ಹಾಲು ಒಳಗೆ ಬಿತ್ತು. ಡಾಕ್ಟರು ಪಂಪಿನ ಹಿಡಿಕೆ ಹಿಡಿದು ಒತ್ತಿದರು. 'ಉಸ್ಸ್!' ಇನ್ನೊಮ್ಮೆ ಒತ್ತಿದರು. 'ಉಸ್ಸ್ಸ್ಸ್!' ಹಾಕಿದ ಗಾಳಿ ಅವಮಾನವಾದ ಅತಿಥಿಗಿಂತ ಬೇಗ ಹೊರಗೆ ಹೊರಟಿತ್ತು. ಒತ್ತಿ ಒತ್ತಿ ಡಾಕ್ಟರೇ ಉಸ್ಸೆಂದು ಕೂತಾಗ, ಪ್ರತಿಯೊಂದು ಕಡ್ಡಿಯ ಬುಡದಿಂದಲೂ ಬಿಳಿ ನೊರೆ ಜಿನುಗತೊಡಗಿತು.

ಅತ್ತೆ ಬಗ್ಗಿ ನೋಡಿದರು. "ಹಲ್ಲು ಹುಟ್ಟೋ ಮಗು ಜೊಲ್ಲು ಸುರಿಸಿದ ಹಾಗಿದೆ."

ಟೈರು ಬಿಚ್ಚಿದರೆ ಸಂಗತಿ ಬಯಲಾಯಿತು. ಟೇಪಿನ ಎರಡೂ ಕಡೆ ರಿಮ್ಮು ಬೆತ್ತಲಾಗಿ ಕಾಣುತ್ತಿತ್ತು. ಗಿಡ್ಡ ಚಾದರ ಹೊದ್ದವನ ಕಾಲಿನ ಹಾಗೆ! ಗಾಳಿ ಆ ಸಂದಿಯಿಂದ ಟೇಪಿನ ಕೆಳಗೆ ನುಸುಳಿ ಕಡ್ಡಿಯ ತೂತುಗಳಿಂದ ಪಾರಾಗುತ್ತಿತ್ತು.

"ಸಣ್ಣದಾಯ್ತಾ?" ಮೇಡಂ ಕೇಳಿದರು. ದನಿ ಅರ್ಧ ಮೆಟ್ಟಿಲು ಇಳಿದಿತ್ತು.

"ಟೇಪು ಸಣ್ಣದಾಗಿಲ್ಲ ಮೇಡಂ, ರಿಮ್ಮು ಸ್ವಲ್ಪ ದಪ್ಪ ಆಗಿದೆ," ಎಂದರು ಡಾಕ್ಟರು.

ಮಾರನೆಯ ದಿನ ಅವರು ಅಂಗಡಿಯ ಅತ್ಯಂತ ಅಗಲದ ಟೇಪನ್ನು ತಂದರು. ಬುದ್ಧಿವಂತ ಒಂದೇ ತಪ್ಪನ್ನು ಎರಡು ಸಲ ಮಾಡುವುದಿಲ್ಲ, ಎರಡನೇ ಸಲ ಅದರ ವಿರುದ್ಧದ ತಪ್ಪನ್ನು ಮಾಡುತ್ತಾನೆ. ಈ ಟೇಪು ರಿಮ್ಮಿನ ತಳವನ್ನು ಮುಚ್ಚಿ, ಎರಡೂ ಗೋಡೆ ಹತ್ತಿ, ಮೇಲೆ ನಿಂತು ಊರು ನೋಡಿತು. ಅದರ ಸುಕ್ಕುಗಳ ಮೇಲೆ ಟೈರಿನ ಅಂಚು ಕೂರಲು ಜಾಗವೇ ಇಲ್ಲ. ಕೈಪಂಪು ಎಷ್ಟು ಒತ್ತಿದರೂ ಟೈರು ಸೊಟ್ಟಗೇ ನಿಂತಿತ್ತು.

"ಪಂಪಿಗೆ ದಮ್ಮಿಲ್ಲ," ಎಂದು ಡಾಕ್ಟರು ತೀರ್ಪು ಕೊಟ್ಟರು. "ಇದಕ್ಕೆ ಒಂದೇ ಏಟಿಗೆ ನುಗ್ಗೋ ಗಾಳಿ ಬೇಕು. ಆ ಗಾಳಿ ಎಲ್ಲಿದೆ? ನನ್ನ ಕ್ಲಿನಿಕ್ಕಿನ ಕಂಪ್ರೆಸರಿನಲ್ಲಿದೆ!"

ಗಾಳಿ ಬಂದಾಗ ತೂರಿಕೋ ಎನ್ನುತ್ತಾರೆ. ಡಾಕ್ಟರು ಗಾಳಿ ಇದ್ದಲ್ಲಿಗೇ ಚಕ್ರ ಹೊತ್ತರು. ಕ್ಲಿನಿಕ್ಕಿನಲ್ಲಿ ಕೆನ್ನೆ ಹಿಡಿದು ಕೂತಿದ್ದವರೆಲ್ಲ, ಬಿಳಿ ಟವೆಲಿನಲ್ಲಿ ಸುತ್ತಿದ ದುಂಡನೆಯ ವಸ್ತುವನ್ನು ಅಪ್ಪಿಕೊಂಡು ಒಳಗೆ ಹೋದ ಡಾಕ್ಟರನ್ನು ಬೆರಗಾಗಿ ನೋಡಿದರು.

"ಸಾರ್, ಇದಕ್ಕೆ ಎಕ್ಸ್‌ರೇ ತೆಗೀಬೇಕಾ?" ಎಂದು ಸಿಸ್ಟರ್ ಕೇಳಿದಳು.

"ಸುಮ್ನಿರಮ್ಮಾ. ಒಳಗೆ ಯಾರಿದ್ದಾರೆ?"

ಒಳಗಿದ್ದವರು ಟ್ರಾಫಿಕ್ ಇನ್‌ಸ್ಪೆಕ್ಟರು. ಆಳು ಆಜಾನುಬಾಹು, ಮೀಸೆ ಕೆನ್ನೆಯಿಂದ ಕೆನ್ನೆಗೆ. ಅವರು ಕೈ ಎತ್ತಿದರೆ ಲಾರಿಗಳು ನಿಲ್ಲುತ್ತವೆ. ಅಂಥವರು ಹಲ್ಲು ಕೀಳುವ ಕುರ್ಚಿಯಲ್ಲಿ ಮುದುರಿಕೊಂಡು, ಎರಡೂ ಕೈಯಲ್ಲಿ ಕುರ್ಚಿಯ ತೋಳು ಹಿಡಿದುಕೊಂಡಿದ್ದರು. ಡಾಕ್ಟರು ಅವರ ದವಡೆಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟರು. ಅದು ಹತ್ತಲು ಸ್ವಲ್ಪ ಹೊತ್ತು ಬೇಕು. ಆ ಸ್ವಲ್ಪ ಹೊತ್ತೇ ಡಾಕ್ಟರಿಗೆ ಸಿಕ್ಕ ಅಮೃತಗಳಿಗೆ! ಕಂಪ್ರೆಸರಿನ ಪೈಪು ಬರುವುದು ಕುರ್ಚಿಯ ಪಕ್ಕಕ್ಕೇ. ಅವರು ಚಕ್ರವನ್ನು ಇನ್‌ಸ್ಪೆಕ್ಟರ ಮಗ್ಗುಲಿಗೆ ಆನಿಸಿ ನಿಲ್ಲಿಸಿದರು.

ಇನ್‌ಸ್ಪೆಕ್ಟರ ಕಣ್ಣು ಹೊರಳಿತು. ತುಟಿ ಆಗಲೇ ಮರಗಟ್ಟಿತ್ತು. "ಡಾತ್ತ್ರೇ... ಅಡು ಏನು?"

"ಚಕ್ರ ಸಾರ್."

"ನನ್ ಬಾಯ್ಗಾ?"

"ಛೆ ಛೆ! ಇದು ಬೇರೆ ಕೇಸು. ನೀವು ಕಣ್ಮುಚ್ಕೊಂಡು ಒಳ್ಳೊಳ್ಳೆ ವಿಷಯ ನೆನೆಸ್ಕೊಳ್ಳಿ."

ಇನ್‌ಸ್ಪೆಕ್ಟರು ಕಣ್ಣು ಮುಚ್ಚಿದರು. ಡಾಕ್ಟರು ಗಾಳಿ ಬಿಟ್ಟರು. ಟೈರು ಉಬ್ಬಿತು. ಸೊಟ್ಟಗಿದ್ದದ್ದು ಇನ್ನಷ್ಟು ಸೊಟ್ಟಗಾಯಿತು. ಇನ್ನು ಸ್ವಲ್ಪ ಗಾಳಿ ಕೊಟ್ಟರೆ ಸರಿಹೋಗಬಹುದು ಎನ್ನಿಸಿತು. ಕೊಟ್ಟರು. ಇನ್ನೂ ಸ್ವಲ್ಪ...

ಢಮಾರ್!

ಟೈರು ರಿಮ್ಮಿನಿಂದ ಹಾರಿ ದೀಪಕ್ಕೆ ತಗುಲಿಹಾಕಿಕೊಂಡಿತು. ಟೈರಿನೊಳಗೆ ಸುರಿದಿದ್ದ ಅಷ್ಟೂ ಹಾಲು ಅಭಿಷೇಕವಾಗಿ ಗೋಡೆ, ಗಡಿಯಾರ, ಡಾಕ್ಟರ ಸರ್ಟಿಫಿಕೇಟು, ಸಿಸ್ಟರಿನ ಟೋಪಿ ಎಲ್ಲದರ ಮೇಲೂ ಸುರಿಯಿತು. ಕುರ್ಚಿ ಖಾಲಿ. ಇನ್‌ಸ್ಪೆಕ್ಟರು ಕುರ್ಚಿಯ ಕೆಳಗೆ ತಲೆಯ ಮೇಲೆ ಕೈಯಿಟ್ಟು ಬೋರಲಾಗಿ ಮಲಗಿದ್ದರು. ಎದ್ದಾಗ ನೋಡಿದರೆ ಕಪ್ಪು ಮೀಸೆ ಬೆಳ್ಳಗೆ! ಒರೆಸಲು ಹೋದಂತೆಲ್ಲ ಆ ಹಾಲು ರಬ್ಬರಾಗಿ ಬಿಗಿದುಕೊಂಡಿತು. ಎಳೆದರೆ ಮೀಸೆಯೇ ಕಿತ್ತು ಬರುವ ಹಾಗಿತ್ತು. ಕೊನೆಗೆ ಸಿಸ್ಟರ್ ಬಲಗಡೆಯ ಮೀಸೆಯನ್ನು ಪೂರ್ತಿ ಕತ್ತರಿಸಿ ಅವರನ್ನು ಬಿಡಿಸಿದಳು. ಆಮೇಲೆ ಸಮತೋಲನಕ್ಕೆಂದು ಎಡಗಡೆಯದನ್ನೂ ತೆಗೆಯಬೇಕಾಯಿತು.

"ನಿಮ್ನ... ಅಡೆಸ್ತ್ ಮಾಡ್ಬೇಕು!" ಎಂದು ಅರೆಬಾಯಲ್ಲಿ ಗುಡುಗಿ ಇನ್‌ಸ್ಪೆಕ್ಟರು ಹೊರಟುಹೋದರು. ಕೀಳಬೇಕಿದ್ದ ಹಲ್ಲು ಅವರ ಜೊತೆಗೇ ಹೋಯಿತು.

ಡಾಕ್ಟರು ಕನ್ನಡಕ ಒರೆಸಿಕೊಂಡು, "ಮುಂದಿನವರನ್ನ ಕಳಿಸಮ್ಮಾ," ಎಂದರು.

"ಯಾರೂ ಇಲ್ಲ ಸಾರ್. ಆ ಸದ್ದಿಗೆ ಎಲ್ಲರ ಹಲ್ಲುನೋವೂ ವಾಸಿಯಾಯ್ತಂತೆ. ಮನೆಗೆ ಹೋದ್ರು."

ಸುದ್ದಿ ಡಾಕ್ಟರಿಗಿಂತ ಮೊದಲೇ ಮನೆ ತಲುಪಿತ್ತು. ಮೇಡಂ ಹಜಾರದಲ್ಲಿ ಕಾಯುತ್ತಿದ್ದರು. ಅವರು ಏನೋ ಹೇಳಿದರು. ಏನೆಂದು ಡಾಕ್ಟರಿಗೆ ಕೇಳಿಸಲೇ ಇಲ್ಲ, ದನಿ ಅಷ್ಟು ಇಳಿದಿತ್ತು! ಡಾಕ್ಟರ ಕಾಲು ತಾನಾಗಿ ಬಚ್ಚಲುಮನೆಯ ಕಡೆ ತಿರುಗಿತು.

"ಅಲ್ಲೇ ನಿಂತ್ಕೊಳ್ಳಿ," ಎಂದು ಪಿಸುಗುಟ್ಟಿ ಮೇಡಂ ಸ್ಕೇಲು ತಂದರು. ರಿಮ್ಮಿನ ಒಳಗಿಟ್ಟು ಅಳೆದರು. "ಇಪ್ಪತ್ತೈದು ಮಿಲಿಮೀಟರು. ಟೇಪು ಅದಕ್ಕಿಂತ ಎರಡು ಮೂರು ಮಿಲಿಮೀಟರು ಮಾತ್ರ ಹೆಚ್ಚಿರ್ಬೇಕು. ಈ ಗೋಡೆಯಿಂದ ಆ ಗೋಡೆಗೆ ಮುಟ್ಟಬೇಕು, ಗೋಡೆ ಹತ್ತಬಾರದು."

"ಇದು ನಿನಗೆ ಹೇಗೆ ಗೊತ್ತು?" ಡಾಕ್ಟರು ಬೆರಗಾದರು.

"ನೀವು ತಂದ ಟೇಪಿನ ಡಬ್ಬಿ ಮೇಲೇ ಬರೆದಿದೆ. ಸಾಕು, ಅಂಗಡಿಗೆ ಕೊಡ್ತೀನಿ."

"ಮೇಡಂ! ಇನ್ನೊಂದೇ ಒಂದು ಅವಕಾಶ! ಊರಲ್ಲಿ ನನ್ನ ಮರ್ಯಾದೆ ಏನಾಗಬೇಕು? ಇನ್‌ಸ್ಪೆಕ್ಟರ ಮೀಸೆ ಹೋಯ್ತು, ಈಗ ನನ್ನದೂ ಹೋಗಬೇಕಾ?"

"ನಿಮಗೆ ಮೀಸೆ ಎಲ್ಲಿದೆ?"

"ಮಾತಿಗೆ ಹೇಳಿದೆ!"

ಅಂತೂ ಅವಕಾಶ ಸಿಕ್ಕಿತು. ಶನಿವಾರ ಬೆಳಗ್ಗೆ ಡಾಕ್ಟರು ಸರಿಯಾದ ಅಗಲದ ಹಳದಿ ಟೇಪು ತಂದು, ನಿಯಮಬದ್ಧವಾಗಿ ಕೆಲಸಕ್ಕೆ ಕೂತರು. ಎರಡೂ ರಿಮ್ಮುಗಳನ್ನು ಸ್ಪಿರಿಟ್ಟಿನಿಂದ ತೊಳೆದರು. ಟೇಪನ್ನು ಎಳೆದು ಬಿಗಿಯಾಗಿ ಸುತ್ತಿ, ಹೆಬ್ಬೆರಳಿನಿಂದ ಗುಳ್ಳೆಗಳನ್ನೆಲ್ಲ ಒತ್ತಿ ಓಡಿಸಿದರು. ಒಂದು ಸುಕ್ಕಿಲ್ಲ! ಇನ್ನು ಗಾಳಿ ತುಂಬುವ ವಾಲ್ವಿಗಾಗಿ ಟೇಪಿನಲ್ಲಿ ಒಂದು ಸಣ್ಣ ತೂತು ಮಾಡಬೇಕಷ್ಟೆ. ಯಾರಾದರೂ ದಬ್ಬಳ ಕಾಯಿಸಿ ಚುಚ್ಚುತ್ತಿದ್ದರು. ಆದರೆ ಡಾಕ್ಟರ ಚೀಲದಲ್ಲಿ ಹಲ್ಲು ಕೊರೆಯುವ ಡ್ರಿಲ್ ಇತ್ತು. ಇದ್ದಮೇಲೆ ಸುಮ್ಮನಿರಲು ಕೈ ಕೇಳಬೇಕಲ್ಲ? 'ಗುಯ್ಯ್' ಎಂದಿತು. ಸಣ್ಣ ತೂತು ಹೂವಿನ ಹಾಗೆ ಅರಳಿ, ಎಸಳೆಸಳಾಗಿ ಹರಿಯಿತು. ಇನ್ನೊಂದು ಚಕ್ರದಲ್ಲೂ ಅದೇ ಹೂವು.

ಡಾಕ್ಟರು ಆಚೀಚೆ ನೋಡಿದರು. ಅತ್ತೆ ಅಡುಗೆಮನೆಯಲ್ಲಿದ್ದರು. ಮೇಡಂ ಲೈಬ್ರರಿಗೆ ಹೋಗಿದ್ದರು. ಹಲ್ಲಿಗೆ ತುಂಬುವ ಸಿಮೆಂಟನ್ನು ಸದ್ದಿಲ್ಲದೆ ಕಲಸಿ ಎರಡೂ ವಾಲ್ವುಗಳ ಸುತ್ತ ಮೆತ್ತಿ, ನೀಲಿ ದೀಪ ಹಿಡಿದು ಗಟ್ಟಿ ಮಾಡಿದರು. ಟೈರು ಕೂರಿಸಿ, ಹಾಲು ಹಾಕಿ, ಪಂಪು ಒತ್ತಿದರು. 'ಟಣ್! ಟಣ್!' ಎಂದು ಟೈರಿನ ಅಂಚು ಜಾಗ ಹಿಡಿದು ಕೂತೇಬಿಟ್ಟಿತು! ಡಾಕ್ಟರು ಚಕ್ರಕ್ಕೆ ಮುತ್ತಿಟ್ಟು ಕ್ಲಿನಿಕ್ಕಿಗೆ ಹೋದರು.

ಸಂಜೆ ಬಂದವರೇ ಓಡಿಹೋಗಿ ಟೈರು ಒತ್ತಿ ನೋಡಿದರು. ಕಲ್ಲು! ಎರಡೂ ಕಲ್ಲು!

"ನೋಡಿದ್ರಾ ಅತ್ತೆ?"

"ನೋಡ್ದೆ ಇರ್ತೀನಾ? ಇವತ್ತು ಮಧ್ಯಾಹ್ನ ಎಲ್ಲ ಅದನ್ನೇ ನೋಡಿದೀನಿ," ಎಂದರು ಅತ್ತೆ, ಬಟಾಣಿ ಸುಲಿಯುತ್ತ.

ಭಾನುವಾರ ಸವಾರಿ ಮುಗಿಯುವ ಜಾಗಕ್ಕೆ ಡಾಕ್ಟರು ಇಸ್ತ್ರಿ ಮಾಡಿದ ಶರಟು ತೊಟ್ಟು ಬಂದಿದ್ದರು. ದೂರದಲ್ಲಿ ಹೆಲ್ಮೆಟ್ಟುಗಳು ಕಂಡವು. ಮುಂಚೂಣಿಯಲ್ಲೇ ಮೇಡಂ! ಬೆವರಿನಲ್ಲಿ ತೊಯ್ದು, ಬೆಳಗುವ ಮುಖದಿಂದ, ನೂರಕ್ಕೆ ನೂರು ಕಿಲೋಮೀಟರನ್ನೂ ತುಳಿದು ಬಂದಿದ್ದರು. ಒಂದೇ ಒಂದು ಪಂಕ್ಚರಿಲ್ಲ. ಡಾಕ್ಟರ ಕಣ್ಣು ತೇವವಾಯಿತು. ಆ ತೇವ ಆರುವ ಮೊದಲೇ ಬಾಯಿ ತೆರೆಯಿತು.

"ನೋಡಿ, ಇದರಲ್ಲಿ ಮುಖ್ಯವಾದದ್ದು ಅಗಲ," ಎಂದು ನೀರು ಕುಡಿಯುತ್ತ ನಿಂತ ಗೆಳತಿಯರ ನಡುವೆ ಅವರು ಉಪನ್ಯಾಸ ಆರಂಭಿಸಿದರು. "ಜನ ಅಳೆಯೋದೇ ಇಲ್ಲ! ಕಣ್ಣಂದಾಜಿನಲ್ಲಿ ತಂದುಬಿಡ್ತಾರೆ! ಗೋಡೆಯಿಂದ ಗೋಡೆಗೆ ಮುಟ್ಟಬೇಕು, ಗೋಡೆ ಹತ್ತಬಾರದು. ಇದು ನನ್ನ ಸಿದ್ಧಾಂತ."

ಗುಂಪಿನ ಮುಖ್ಯಸ್ಥೆ ಲಾಯರಮ್ಮ ಹೆಲ್ಮೆಟ್ ತೆಗೆದು ಹತ್ತಿರ ಬಂದರು. "ಅಂದ್ರೆ ಡಾಕ್ಟ್ರೇ, ಈ ಚಕ್ರದೊಳಗಿರೋ ಟೇಪನ್ನ ನೀವೇ, ನಿಮ್ಮ ಸ್ವಂತ ಕೈಯಾರೆ ಸುತ್ತಿದ್ದು?"

"ನಿಸ್ಸಂದೇಹವಾಗಿ!"

"ಬೇರೆ ಯಾರ ಸಹಾಯವೂ ಇಲ್ದೆ?"

"ಯಾರೂ ಮುಟ್ಟಿಲ್ಲ!"

"ಬಣ್ಣ?"

"ಹಳದಿ. ಬೇಕಾದ್ರೆ ಬಿಚ್ಚಿ ನೋಡಿ!"

"ಬಿಚ್ಚೋದು ಬೇಡ," ಎಂದು ಲಾಯರಮ್ಮ ತಮ್ಮ ಬೆನ್ನಿನ ಚೀಲದಿಂದ ಒಂದು ಪ್ಲಾಸ್ಟಿಕ್ ಕವರು ಹೊರತೆಗೆದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು. ಒಳಗೆ ಮುದುಡಿದ ಹಳದಿ ಟೇಪು. ಟೇಪಿಗೆ ಕಚ್ಚಿಕೊಂಡ ಎರಡು ಉಂಡೆ ಹಲ್ಲಿನ ಸಿಮೆಂಟು. "ಹಾಗಾದ್ರೆ ಇದು ಯಾರದ್ದು?"

ಡಾಕ್ಟರು ನೋಡಿದರು. ಗುರುತು ಹತ್ತಿತು. ಆದರೆ ಅರ್ಥ ಹತ್ತಲಿಲ್ಲ. "ಇದು ನನ್ನದೇ! ನಿಮ್ಮ ಹತ್ರ ಹೇಗೆ ಬಂತು?"

"ನಿನ್ನೆ ಮಧ್ಯಾಹ್ನ ಎರಡೂ ಟೈರು ಚಪ್ಪಟೆಯಾಗಿ ಮಲಗಿದ್ವು. ನಿಮ್ಮತ್ತೆ ಫೋನ್ ಮಾಡಿದ್ರು. ನಾನೂ ಮೇಡಮ್ಮೂ ನಿಮ್ಮ ಹಜಾರದಲ್ಲೇ ಕೂತು, ನಿಮ್ಮದನ್ನ ಕಿತ್ತು ಹೊಸಾ ನೀಲಿ ಟೇಪು ಸುತ್ತಿದ್ವಿ. ಸುತ್ತೋದು ಬೇಗ ಆಯ್ತು. ನಿಮ್ಮ ಸಿಮೆಂಟು ಕೀಳೋಷ್ಟರಲ್ಲಿ ನನ್ನ ಸೊಂಟ ಬಿತ್ತು!"

"ಅಷ್ಟು ಗಟ್ಟಿಯಾಗಿ ಹಿಡ್ಕೊಂಡಿತ್ತಾ?" ಡಾಕ್ಟರ ಮುಖ ಹೆಮ್ಮೆಯಿಂದ ಅರಳಿತು.

ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಡಾಕ್ಟರು ಆ ಕಡೆ ನೋಡಿದರು. ಒಬ್ಬರು ಬಾಯಿಗೆ ಕರವಸ್ತ್ರ ತುರುಕಿಕೊಂಡಿದ್ದರು. ಇನ್ನೊಬ್ಬರು ಸೈಕಲ್ಲಿನ ಸೀಟಿನ ಮೇಲೆ ತಲೆಯಿಟ್ಟು ಕುಲುಕುತ್ತಿದ್ದರು.

"ನಿಮಗೆಲ್ಲ ಮೊದಲೇ ಗೊತ್ತಿತ್ತಾ?"

"ಹೊರಡುವಾಗಲೇ ಗೊತ್ತಿತ್ತು ಡಾಕ್ಟ್ರೇ!" ಎಂದರು ಲಾಯರಮ್ಮ. "ಇನ್‌ಸ್ಪೆಕ್ಟರ ಮೀಸೆ ಕಥೆ ಕೇಳಿ ನಗ್ತಾ ನಗ್ತಾ ಏರು ಹತ್ತಿದ್ದೇ ಗೊತ್ತಾಗಲಿಲ್ಲ. ಮುಂದಿನ ವರ್ಷಾನೂ ಏನಾದ್ರೂ ರಿಪೇರಿ ಮಾಡಿ, ಪುಣ್ಯ ಬರುತ್ತೆ!"

ಡಾಕ್ಟರು ಟೇಪಿನ ಕವರನ್ನು ನೋಡಿದರು. ಚಕ್ರವನ್ನು ನೋಡಿದರು. ಮತ್ತೆ ಕವರನ್ನು ನೋಡಿದರು. ಹುಬ್ಬು ಗಂಟಿಕ್ಕಿತು, ಬಿಟ್ಟಿತು, ಮತ್ತೆ ಗಂಟಿಕ್ಕಿತು. ಆಮೇಲೆ ನಿಧಾನವಾಗಿ, ಕಿವಿಯ ತುದಿಯಿಂದ ಶುರುವಾಗಿ, ಇಡೀ ಮುಖ ಕೆಂಪಾಯಿತು.

"ಅಂದ್ರೆ... ಇವತ್ತು ನೂರು ಕಿಲೋಮೀಟರು ಬಂದಿದ್ದು ನನ್ನ ಟೇಪಿನ ಮೇಲಲ್ವಾ?"

ಮೇಡಂ ನೀರಿನ ಬಾಟಲಿಯ ಮುಚ್ಚಳ ತಿರುಗಿಸಿ ಮುಚ್ಚಿ, ಗಂಡನ ತೋಳು ಹಿಡಿದುಕೊಂಡು ಗೆಳತಿಯರ ಕಡೆ ತಿರುಗಿದರು.

"ಏನೂ ತಿಳ್ಕೋಬೇಡಿ," ಎಂದರು. "ನಮ್ಮನೇಲಿ ಹಾಗೇ. ಗಾಡಿ ಟ್ಯೂಬ್‌ಲೆಸ್ಸು, ಗಂಡ ಟ್ಯೂಬ್‌ಲೈಟು!"